ಕೈ ತುಂಬ ಕೆಲಸವಿದೆ, ಮನಸ್ಸಿಗೆ ಮಾತ್ರ ಏನೂ ಸಿಗುತ್ತಿಲ್ಲ

ಪ್ರಶ್ನೆ: ನನಗೆ 43 ವರ್ಷ. ಶಿವಮೊಗ್ಗದಲ್ಲಿ ನಮ್ಮ ಮನೆ. ಯಜಮಾನರು ಬ್ಯಾಂಕ್ ಕೆಲಸದಲ್ಲಿದ್ದಾರೆ. ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ, ಮಗಳು ಪಿಯುಸಿ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮನೆಯಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಬೆಳಿಗ್ಗೆ ಐದೂವರೆಗೆ ಎದ್ದರೆ ರಾತ್ರಿ ಹತ್ತರವರೆಗೆ ಅದೇ ತಿಂಡಿ, ಅದೇ ಪಾತ್ರೆ, ಅದೇ ಬಟ್ಟೆ. ಮದುವೆಗೆ ಮುಂಚೆ ರಂಗೋಲಿ ಸ್ಪರ್ಧೆಯಲ್ಲಿ ಬಹುಮಾನ ತರುತ್ತಿದ್ದೆ, ಕಸೂತಿ ಹಾಕುತ್ತಿದ್ದೆ. ಈಗ ಬಾಗಿಲಿಗೆ ನಾಲ್ಕು ಗೆರೆ ಎಳೆದು ಒಳಗೆ ಬಂದುಬಿಡುತ್ತೇನೆ. ಮಧ್ಯಾಹ್ನ ಬಿಡುವು ಸಿಕ್ಕರೆ ಫೋನ್ ಹಿಡಿದು ರೀಲ್ಸ್ ನೋಡುತ್ತಾ ಕೂರುತ್ತೇನೆ. ಬೇರೆಯವರ ಮನೆ, ಅವರ ಕೈಕೆಲಸ ನೋಡಿ ಇನ್ನೂ ಬೇಜಾರಾಗುತ್ತದೆ. ಆಸೆಪಟ್ಟು ಕ್ಯಾನ್ವಾಸ್, ಬಣ್ಣ ಎಲ್ಲ ತಂದೆ. ಎರಡು ವರ್ಷದಿಂದ ಅಟ್ಟದ ಮೇಲೆ ಹಾಗೇ ಇದೆ. ಮಗಳು ‘ಯೂಟ್ಯೂಬ್ ಚಾನೆಲ್ ಮಾಡಮ್ಮ’ ಅನ್ನುತ್ತಾಳೆ. ಯಜಮಾನರು ‘ನಿನಗೇನು ಕಡಿಮೆಯಾಗಿದೆ?’ ಅನ್ನುತ್ತಾರೆ. ತಂಗಿ ಬಂದರೆ ಮಾತ್ರ ರಾತ್ರಿ ಒಂದು ಗಂಟೆಯವರೆಗೂ ನಗುತ್ತಾ ಕೂತಿರುತ್ತೇವೆ. ವಯಸ್ಸಾದ ಹಾಗೆ ಕಲೆ ಒಣಗಿಹೋಗುತ್ತದಾ? ಇದು ಖಿನ್ನತೆಯಾ? ಅಥವಾ ಎಲ್ಲ ಇದ್ದೂ ಅತೃಪ್ತಿ ಪಡುವ ಸ್ವಭಾವವಾ ನನ್ನದು? ಹೆಸರು ಹಾಕಬೇಡಿ.

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ. ನಡುವಿನದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಅದಕ್ಕೆ ಉತ್ತರ ‘ಹೌದು’ ಆಗಿದ್ದರೆ ಉಳಿದ ಮಾತೆಲ್ಲ ಆಮೇಲೆ.

ತಂಗಿ ಬಂದಾಗ ನಗುತ್ತೀರಿ ಎಂದು ಬರೆದಿದ್ದೀರಿ. ಅದು ಒಳ್ಳೆಯ ಸೂಚನೆ. ಖಿನ್ನತೆ ಗಾಢವಾಗಿದ್ದಾಗ ಇಷ್ಟದ ಜನ ಬಂದರೂ ಮನಸ್ಸು ಏಳುವುದು ಕಷ್ಟ. ಆದರೂ ಒಂದು ಪತ್ರ ಓದಿ ‘ಇದು ಖಿನ್ನತೆ ಅಲ್ಲವೇ ಅಲ್ಲ’ ಎಂದು ಹೇಳಲು ನನಗೆ ಆಗದು. ನೀವೇ ನೋಡಿಕೊಳ್ಳಿ. ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚುಕಡಿಮೆ ದಿನವೂ, ದಿನದ ಬಹುಪಾಲು ಮನಸ್ಸು ಕುಗ್ಗಿದೆಯಾ? ಯಾವುದರಲ್ಲೂ ಆಸಕ್ತಿ ಇಲ್ಲವಾ? ಜೊತೆಗೆ ನಿದ್ದೆ, ಹಸಿವು ಏರುಪೇರಾಗಿದೆಯಾ? ‘ನಾನು ಯಾವುದಕ್ಕೂ ಬಾರದವಳು’ ಅನ್ನಿಸುತ್ತಿದೆಯಾ, ಬದುಕೇ ಬೇಡ ಎಂಬ ಯೋಚನೆ ಬರುತ್ತಿದೆಯಾ? ಹೌದು ಅನ್ನುವುದಾದರೆ ರಂಗೋಲಿ, ಕಸೂತಿ ಎಲ್ಲ ಪಕ್ಕಕ್ಕಿಟ್ಟು ಮನೋವೈದ್ಯರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಇನ್ನೊಂದು ಮಾತು. ನಿಮ್ಮ ವಯಸ್ಸಿನಲ್ಲಿ ಥೈರಾಯ್ಡ್ ಕಡಿಮೆಯಾಗುವುದು, ರಕ್ತಹೀನತೆ, ಬಿ12 ಕೊರತೆ, ಮುಟ್ಟು ನಿಲ್ಲುವ ಮುಂಚಿನ ಏರುಪೇರು ಇವೆಲ್ಲ ಸಾಮಾನ್ಯ. ಇವು ಸುಸ್ತಿನ ವೇಷದಲ್ಲೂ ಬರುತ್ತವೆ, ಬೇಜಾರಿನ ವೇಷದಲ್ಲೂ ಬರುತ್ತವೆ. ನನ್ನ ಬಳಿ ಬರುವ ಈ ವಯಸ್ಸಿನ ಹೆಂಗಸರಿಗೆ ನಾನು ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ ಅನ್ನುತ್ತೇನೆ. ಮೈಯಲ್ಲಿ ಶಕ್ತಿಯೇ ಇಲ್ಲದಾಗ ‘ಹವ್ಯಾಸ ಬೆಳೆಸಿಕೊಳ್ಳಿ’ ಎಂದು ಹೇಳುವುದು ಅನ್ಯಾಯ.

ಇನ್ನು ‘ಅತೃಪ್ತಿಯ ಸ್ವಭಾವ’. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ನೋವು ಕೊಟ್ಟ ಮಾತು ಇದೇ. ಕೊರತೆ ಇಲ್ಲ ಎಂದ ಮಾತ್ರಕ್ಕೆ ಸಂತೋಷ ಇರಲೇಬೇಕು ಎಂಬ ಲೆಕ್ಕ ತಪ್ಪು. ಮನುಷ್ಯನ ಮನಸ್ಸು ಯಾವುದಕ್ಕಾದರೂ ಬೇಗ ಒಗ್ಗಿಹೋಗುತ್ತದೆ, ಕೆಟ್ಟದ್ದಕ್ಕೂ ಅಷ್ಟೇ, ಒಳ್ಳೆಯದಕ್ಕೂ ಅಷ್ಟೇ. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ಮತ್ತು ಸಂಗಡಿಗರು ದೊಡ್ಡ ಲಾಟರಿ ಹೊಡೆದ 22 ಜನರನ್ನು ಮಾತಾಡಿಸಿದರು. ಅವರು ಬೇರೆಯವರಿಗಿಂತ ಗಮನಿಸುವಷ್ಟೇನೂ ಜಾಸ್ತಿ ಸಂತೋಷದಲ್ಲಿರಲಿಲ್ಲ. ಅಷ್ಟೇ ಅಲ್ಲ, ಗೆಳೆಯರ ಜೊತೆ ಹರಟುವುದು, ಬೆಳಗಿನ ತಿಂಡಿ, ಪತ್ರಿಕೆ ಓದುವುದು ಇಂಥ ದಿನದಿನದ ಖುಷಿಗಳಿಗೆ ಅವರು ಕೊಟ್ಟ ಅಂಕ ಲಾಟರಿ ಹೊಡೆಯದವರು ಕೊಟ್ಟಿದ್ದಕ್ಕಿಂತ ಕಡಿಮೆ ಇತ್ತು. ಸಣ್ಣದೊಂದು ಅಧ್ಯಯನ ಅದು, ಅದರ ಮೇಲೆ ಇಡೀ ಬದುಕಿನ ಸಿದ್ಧಾಂತ ಕಟ್ಟಬೇಕಾಗಿಲ್ಲ. ಆದರೆ ನಿಮ್ಮ ಯಜಮಾನರ ‘ನಿನಗೇನು ಕಡಿಮೆಯಾಗಿದೆ?’ ಎಂಬ ಪ್ರಶ್ನೆಗೆ ಉತ್ತರ ಅದರಲ್ಲಿದೆ. ಕೊರತೆ ಇಲ್ಲದಿರುವುದು ಬೇರೆ, ರುಚಿ ಇರುವುದು ಬೇರೆ. ನೀವು ಕೇಳುತ್ತಿರುವುದು ರುಚಿಯನ್ನು. ಅದು ದುರಾಸೆ ಅಲ್ಲ.

ಕಲೆ ಒಣಗಿಹೋಗಿದೆಯಾ? ಇಲ್ಲ. ಬಾಗಿಲಿಗೆ ‘ನಾಲ್ಕು ಗೆರೆ ಎಳೆದು ಒಳಗೆ ಬಂದುಬಿಡುತ್ತೇನೆ’ ಎಂದು ಬರೆದಿದ್ದೀರಿ. ರಂಗೋಲಿಯ ಕಣ್ಣು ಹೋಗಿಬಿಟ್ಟವರಿಗೆ ಆ ನಾಲ್ಕು ಗೆರೆ ಚುಚ್ಚುವುದಿಲ್ಲ. ನಿಮಗೆ ಚುಚ್ಚುತ್ತಿದೆ ಎಂದರೆ ಕಣ್ಣು ಹಾಗೇ ಇದೆ. ಹೋಗಿರುವುದು ಗಮನ. ಅದೂ ಎಲ್ಲೋ ಕಳೆದುಹೋಗಿಲ್ಲ, ಬೇರೆ ಕಡೆ ಖರ್ಚಾಗುತ್ತಿದೆ.

ಎಲ್ಲಿ ಖರ್ಚಾಗುತ್ತಿದೆ? 2019ರಲ್ಲಿ ರಾಷ್ಟ್ರೀಯ ಅಂಕಿಅಂಶ ಕಚೇರಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಆ ಕೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಸುಮಾರು ಐದು ಗಂಟೆ ಕೈಗೆ ಕೆಲಸ. ಆದರೆ ನಿಮ್ಮ ಆಯಾಸಕ್ಕೆ ಈ ಐದು ಗಂಟೆಗಿಂತ ದೊಡ್ಡ ಕಾರಣ ಯಾವ ಗಡಿಯಾರಕ್ಕೂ ಸಿಗದ ಇನ್ನೊಂದು ಕೆಲಸ. ನಾಳೆ ತಿಂಡಿಗೆ ಏನು? ದೋಸೆ ಅಂದರೆ ಈಗಲೇ ಅಕ್ಕಿ ನೆನೆಸಬೇಕು. ಉದ್ದಿನಬೇಳೆ ಇದೆಯಾ? ಅತ್ತೆಯ ಬಿಪಿ ಮಾತ್ರೆ ಇನ್ನೆಷ್ಟು ಉಳಿದಿದೆ? ಮಗಳ ಟ್ಯೂಷನ್ ಫೀಸು ಕಟ್ಟಿದ್ದಾಯಿತಾ? ಗ್ಯಾಸ್ ಬುಕ್ ಮಾಡಬೇಕು. ಪಾತ್ರೆ ತೊಳೆಯುವಾಗಲೂ, ಸ್ನಾನ ಮಾಡುವಾಗಲೂ ಇದು ತಲೆಯಲ್ಲಿ ಓಡುತ್ತಲೇ ಇರುತ್ತದೆ. ಆಲಿಸನ್ ಡ್ಯಾಮಿಂಜರ್ ಎಂಬ ಸಮಾಜಶಾಸ್ತ್ರಜ್ಞೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಾಣದ ಕೆಲಸವನ್ನು ನಾಲ್ಕಾಗಿ ಬಿಡಿಸಿ ತೋರಿಸಿದರು. ಮುಂದೆ ಏನು ಬೇಕಾಗುತ್ತದೆ ಎಂದು ಊಹಿಸುವುದು, ದಾರಿ ಹುಡುಕುವುದು, ತೀರ್ಮಾನ ಮಾಡುವುದು, ಆಮೇಲೆ ಅದು ಆಯಿತೋ ಇಲ್ಲವೋ ಎಂದು ನೋಡುತ್ತಿರುವುದು. ಅವರು ಮಾತಾಡಿಸಿದ್ದು ಅಮೆರಿಕದ ದಂಪತಿಗಳನ್ನು. ಅಲ್ಲಿಯೂ ತೀರ್ಮಾನದ ಹೊತ್ತಿಗೆ ಗಂಡ ಜೊತೆಗಿರುತ್ತಾನೆ, ಮೊದಲಿನ ಊಹೆ ಮತ್ತು ಕೊನೆಯ ಕಾವಲು ಹೆಚ್ಚಾಗಿ ಹೆಂಡತಿಯ ತಲೆಯ ಮೇಲೇ ಬೀಳುತ್ತದೆ. ಶಿವಮೊಗ್ಗದಲ್ಲಿ ಕೂತು ಓದಿದರೂ ಇದು ನಮ್ಮನೆ ಕಥೆ ಅನ್ನಿಸುತ್ತದೆ, ಅಲ್ವಾ?

ಹೊಸದೊಂದು ಹೊಳೆಯಬೇಕಾದರೆ ತಲೆ ಸ್ವಲ್ಪ ಹೊತ್ತಾದರೂ ಖಾಲಿ ಇರಬೇಕು. ನಿಮ್ಮ ತಲೆ ಖಾಲಿಯಾಗುವುದು ಮಧ್ಯಾಹ್ನ ಎರಡು ಗಂಟೆಗೆ. ಆಗ ಅದಕ್ಕೆ ಯಾವ ತೀರ್ಮಾನವೂ ಬೇಡ. ಅದಕ್ಕೇ ಕೈ ಫೋನಿನ ಕಡೆ ಹೋಗುತ್ತದೆ. ರೀಲ್ಸ್ ನಿಮ್ಮಿಂದ ಯಾವ ತೀರ್ಮಾನವನ್ನೂ ಕೇಳುವುದಿಲ್ಲ. ಹಾಗಾಗಿ ಫೋನ್ ನೋಡುವುದನ್ನು ಸೋಮಾರಿತನ ಎಂದು ನಾನು ಕರೆಯುವುದಿಲ್ಲ. ಅದು ದಣಿದವರು ಹುಡುಕಿಕೊಂಡ ವಿಶ್ರಾಂತಿ. ತೊಂದರೆ ಇರುವುದು ಅದು ತೋರಿಸುವುದರಲ್ಲಿ. ಇಪ್ಪತ್ತು ಸೆಕೆಂಡಿನಲ್ಲಿ ಮುಗಿದ ರಂಗೋಲಿ, ಮುಗಿದ ಕಸೂತಿ, ಗುಡಿಸಿಟ್ಟ ಮನೆ. ನಡುವೆ ತಪ್ಪಿದ ಗೆರೆ, ಬಿಚ್ಚಿದ ದಾರ, ಸೋತ ಕೈ ಯಾವುದೂ ಕಾಣುವುದಿಲ್ಲ. ಅದನ್ನು ನೋಡಿದ ಮೇಲೆ ನಮ್ಮ ಮೊದಲ ಗೆರೆ ನಮಗೇ ಕೆಟ್ಟದಾಗಿ ಕಾಣುತ್ತದೆ.

ಅಟ್ಟದ ಮೇಲಿನ ಕ್ಯಾನ್ವಾಸಿನ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. ತುಂಬ ಜನರ ಅಟ್ಟದಲ್ಲಿ ಹೀಗೇ ಏನಾದರೂ ಇರುತ್ತದೆ. ‘ಕಲೆ ಎಂದರೆ ಮನೆಗೆಲಸ ಅಲ್ಲದ್ದು, ಅದಕ್ಕೆ ಬೇರೆ ಸಾಮಾನು, ಬೇರೆ ಹೊತ್ತು, ಬೇರೆ ಮೂಡ್ ಬೇಕು’ ಎಂದು ನಾವು ನಂಬಿಬಿಟ್ಟಿದ್ದೇವೆ. ನಿಮ್ಮದೇ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಮನೆಗಳ ಹಸೆ ಚಿತ್ತಾರ ನೋಡಿರುತ್ತೀರಿ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಎಲ್ಲ ಮನೆಯ ಸುತ್ತಲೇ ಸಿಗುವುದು. ಬರೆಯುವುದು ತಾವು ದಿನಾ ಸಾರಿಸುವ ಗೋಡೆಯ ಮೇಲೆ. ರಾಗಿ, ಜೋಳ ಬೀಸುತ್ತಾ ನಮ್ಮ ಅಜ್ಜಿಯರು ತ್ರಿಪದಿ ಕಟ್ಟಿದ್ದೂ ಹೀಗೇ. ಕಲ್ಲು ತಿರುಗುವ ಲಯವೇ ಹಾಡಿನ ಲಯವಾಯಿತು. ತವರಿನ ನೆನಪು, ಅತ್ತೆ ಮನೆಯ ಸಂಕಟ, ಮಗುವಿನ ಮೇಲಿನ ಮುದ್ದು ಎಲ್ಲ ಅದರಲ್ಲಿ ಬಂತು. ಹಲಸಂಗಿಯ ಗೆಳೆಯರು ಊರೂರು ತಿರುಗಿ ಆ ಹಾಡುಗಳನ್ನು ಬರೆದುಕೊಳ್ಳದಿದ್ದರೆ ನಮಗೆ ಎಷ್ಟೋ ಸಿಗುತ್ತಿರಲಿಲ್ಲ. ಹಾಡಿದವರಿಗೆ ಮಾತ್ರ ಪುಸ್ತಕದ ಯೋಚನೆ ಇರಲಿಲ್ಲ. ಬೀಸುವುದು ಸುಲಭದ ಕೆಲಸ ಎಂದು ನಾನು ಹೇಳುತ್ತಿಲ್ಲ. ಮಿಕ್ಸಿ ಬಂದಿದ್ದು ನಮ್ಮ ಪುಣ್ಯ. ಆದರೆ ಬೀಸುವ ಕಷ್ಟ ಹೋಗುವಾಗ ಅದರ ಜೊತೆಗೆ ಹಾಡೂ ಹೋಯಿತು, ಆ ಜಾಗಕ್ಕೆ ಬೇರೆ ಏನೂ ಬರಲಿಲ್ಲ.

ಮೂಡ್ ಬರಲಿ ಆಮೇಲೆ ಶುರು ಮಾಡೋಣ ಎಂಬುದೂ ದಾರಿ ತಪ್ಪಿಸುವ ಮಾತೇ. 1970ರ ದಶಕದಲ್ಲಿ ಪೀಟರ್ ಲೆವಿನ್‌ಸನ್ ಎಂಬ ಮನಃಶಾಸ್ತ್ರಜ್ಞರು ಕುಗ್ಗಿದವರ ಜೊತೆ ಕೆಲಸ ಮಾಡುತ್ತಾ ಇದನ್ನು ತಿರುಗಿಸಿ ನೋಡಿದರು. ಖುಷಿ ಕೊಡುವ ಸಣ್ಣಪುಟ್ಟ ಸಂಗತಿಗಳು ದಿನದಲ್ಲಿ ಕಡಿಮೆಯಾದ ಹಾಗೆ ಮನಸ್ಸು ಕುಗ್ಗುತ್ತದೆ, ಕುಗ್ಗಿದ ಹಾಗೆ ಅವು ಇನ್ನೂ ಕಡಿಮೆಯಾಗುತ್ತವೆ. ಈ ಸುತ್ತನ್ನು ಮುರಿಯಲು ಮೊದಲು ಕೈ ಹೋಗಬೇಕು, ಮನಸ್ಸು ಹಿಂದೆ ಬರುತ್ತದೆ. ಇವತ್ತಿಗೂ ಖಿನ್ನತೆಯ ಚಿಕಿತ್ಸೆಯಲ್ಲಿ ಈ ದಾರಿಯನ್ನು ಬಳಸುತ್ತೇವೆ.

ಈಗ ನಿಮ್ಮ ಮುಂದೆ ಇರುವ ದಾರಿಗಳು. ಎಲ್ಲವನ್ನೂ ಮಾಡಬೇಡಿ, ಒಂದನ್ನು ಹಿಡಿಯಿರಿ.

ನಾನು ಮೊದಲು ಹೇಳುವುದು ಬಾಗಿಲ ಮುಂದಿನ ರಂಗೋಲಿಯನ್ನೇ. ಅದಕ್ಕೆ ಹೊಸ ಹೊತ್ತು ಹುಡುಕಬೇಕಾಗಿಲ್ಲ, ಹೇಗೂ ದಿನಾ ಹಾಕುತ್ತೀರಿ. ಹಬ್ಬದ ದಿನದ 15ರಿಂದ 8 ಬೇಡ. 7ರಿಂದ 4 ಸಂದು ಚುಕ್ಕಿ ಇಟ್ಟುಕೊಳ್ಳಿ, ಅಂದರೆ ನಡುವಿನ ಸಾಲಿಗೆ ಏಳು, ಅದರ ಮೇಲೂ ಕೆಳಗೂ ಸಾಲಿಗೊಂದು ಕಡಿಮೆಯಾಗುತ್ತಾ ನಾಲ್ಕರವರೆಗೆ. ಒಟ್ಟು 37 ಚುಕ್ಕಿ. ಒಂದು ತಿಂಗಳು ಚುಕ್ಕಿಯ ಲೆಕ್ಕ ಬದಲಾಯಿಸಬೇಡಿ, ಎಳೆ ಮಾತ್ರ ದಿನಾ ಬದಲಾಗಲಿ. ಇವತ್ತು ಚುಕ್ಕಿ ಸುತ್ತಿ ಬರುವ ಬಳ್ಳಿ, ನಾಳೆ ಚುಕ್ಕಿ ಸೇರಿಸಿದ ನಕ್ಷತ್ರ, ನಾಡಿದ್ದು ಮಧ್ಯದ ಏಳನ್ನು ಬಿಟ್ಟು ಅಂಚಿನಲ್ಲಿ ಮಾತ್ರ ಎಲೆ. ಕಟ್ಟು ಇದ್ದಷ್ಟೂ ತಲೆ ಚುರುಕಾಗುತ್ತದೆ. ಏನು ಬೇಕಾದರೂ ಮಾಡಬಹುದು ಎಂಬ ದೊಡ್ಡ ಬಿಳಿ ಕ್ಯಾನ್ವಾಸ್ ಹೆದರಿಸುತ್ತದೆ. 37 ಚುಕ್ಕಿ ಹೆದರಿಸುವುದಿಲ್ಲ. ಪುಸ್ತಕ ನೋಡಬೇಡಿ, ಫೋನ್ ನೋಡಬೇಡಿ. ತಪ್ಪಿದರೆ ತಪ್ಪಲಿ, ಸಂಜೆಯ ಹೊತ್ತಿಗೆ ಗಾಡಿ ಓಡಾಡಿ ಹೇಗೂ ಅಳಿಸಿಹೋಗುತ್ತದೆ. ಅಳಿಸಿಹೋಗುವುದೇ ಇದರ ಅನುಕೂಲ. ಉಳಿಯುವ ವಸ್ತುವಿನ ಮೇಲೆ ಜನ ತೀರ್ಪು ಕೊಡುತ್ತಲೇ ಇರುತ್ತಾರೆ.

ಇದರಲ್ಲಿರುವ ಅಪಾಯವನ್ನೂ ಹೇಳಿಬಿಡುತ್ತೇನೆ. ನೀವು ಬಹುಮಾನ ತಂದವರು. ಹಾಗಾಗಿ ಪ್ರತಿದಿನದ್ದೂ ಬಹುಮಾನಕ್ಕೆ ತಕ್ಕಂತಿರಬೇಕು ಎಂಬ ಹಟ ಬೇಗ ಬರುತ್ತದೆ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದರೆ, ಆ ದಿನ ಯಾರೂ ಏನೂ ಹೇಳದಿದ್ದರೆ ಮನಸ್ಸು ಮತ್ತೆ ಕುಗ್ಗುತ್ತದೆ. ಮೊದಲ ತಿಂಗಳು ಫೋಟೋ ಬೇಡ. ಮೈ ಹುಷಾರಿಲ್ಲದ ದಿನ ನಾಲ್ಕು ಗೆರೆ ಎಳೆದು ಬನ್ನಿ, ಅದೂ ಸರಿಯೇ.

ಅಡುಗೆಯಲ್ಲಿ ಹೀಗೆ ಮಾಡಬಹುದಾ ಎಂದು ಕೆಲವರು ಕೇಳುತ್ತಾರೆ. ಮಾಡಬಹುದು, ಆದರೆ ನಾನು ಅದನ್ನು ಮೊದಲ ಆಯ್ಕೆಯಾಗಿ ಕೊಡುವುದಿಲ್ಲ. ಅಡುಗೆ ಮನೆಯಲ್ಲಿ ನೀವು ಏನು ಮಾಡಿದರೂ ನಾಲ್ಕು ನಾಲಿಗೆ ಕಾಯುತ್ತಿರುತ್ತದೆ. ಹೊಸದೊಂದು ಪಲ್ಯ ಮಾಡಿ ‘ಯಾಕೆ ಹೀಗಿದೆ?’ ಅನ್ನಿಸಿಕೊಂಡರೆ ಇಡೀ ದಿನ ಹಾಳು. ಮಾಡಲೇಬೇಕು ಅನ್ನಿಸಿದರೆ ನಿಮ್ಮೊಬ್ಬರಿಗೆ ಮಾಡಿಕೊಳ್ಳಿ. ಮಧ್ಯಾಹ್ನದ ಒಂದು ಚಟ್ನಿ, ನಿಮ್ಮ ನಾಲಿಗೆಗೆ ಎಷ್ಟು ಖಾರ ಬೇಕೋ ಅಷ್ಟು. ಮನೆಯವರ ರುಚಿ ನೋಡಿ ನೋಡಿ ತಮಗೆ ಏನು ಇಷ್ಟ ಎಂಬುದೇ ಮರೆತುಹೋಗಿರುವ ಹೆಂಗಸರನ್ನು ನಾನು ತುಂಬ ನೋಡಿದ್ದೇನೆ. ‘ನಿಮಗೆ ಯಾವ ತಿಂಡಿ ಇಷ್ಟ?’ ಎಂದರೆ ‘ಮಕ್ಕಳಿಗೆ ಪೂರಿ ಇಷ್ಟ’ ಎಂದು ಉತ್ತರ ಬರುತ್ತದೆ.

ಎರಡನೆಯ ದಾರಿ, ನಿಧಾನಕ್ಕೆ ಬೆಳೆಯುವ ಒಂದು ಕೈಕೆಲಸ. ಕಸೂತಿ ಗೊತ್ತು ಎಂದಿದ್ದೀರಿ. ಗವಂತಿಯಿಂದಲೇ ಶುರು ಮಾಡಿ. ಹೋಗುವ ದಾರಿಯಲ್ಲಿ ಬಿಟ್ಟ ಜಾಗವನ್ನು ವಾಪಸ್ ಬರುವಾಗ ತುಂಬಿಸುವ ಹೊಲಿಗೆ ಅದು, ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಎಳೆ ಎಣಿಸುತ್ತಾ ಕೂತರೆ ಉದ್ದಿನಬೇಳೆಯ ಯೋಚನೆಗೆ ತಲೆಯಲ್ಲಿ ಜಾಗವೇ ಇರುವುದಿಲ್ಲ. ಅದಕ್ಕಾಗಿಯೇ ಇದನ್ನು ಹೇಳುತ್ತಿದ್ದೇನೆ. ಮುರಗಿ, ನೇಗಿ, ಮೆಂತಿ ಹೊಲಿಗೆಗಳು ಆಮೇಲೆ ತಾವಾಗಿಯೇ ನೆನಪಿಗೆ ಬರುತ್ತವೆ. ಸೀರೆ ಸೆರಗಿಗೆ ಕೈ ಹಾಕಬೇಡಿ, ಅದು ಮುಗಿಯದೆ ಇನ್ನೊಂದು ಕ್ಯಾನ್ವಾಸ್ ಆಗುತ್ತದೆ. ಒಂದು ಕರ್ಚೀಫಿನ ಅಳತೆಯ ಮ್ಯಾಟಿ ಬಟ್ಟೆ ಸಾಕು, ಅದರಲ್ಲಿ ಎಳೆ ಎಣಿಸುವುದೂ ಸುಲಭ. ಎಣಿಸುವ ತಾಳ್ಮೆ ಈಗಿಲ್ಲ ಅನ್ನಿಸಿದರೆ ಹಳೇ ಕಾಟನ್ ಸೀರೆ ತೆಗೆದು ಕೌದಿ ಹೊಲಿಯಿರಿ. ಅದರಲ್ಲಿ ಉದ್ದಕ್ಕೂ ಸಾದಾ ದಾರದ ಹೊಲಿಗೆ, ತುಂಡು ಬಟ್ಟೆಯ ಬಣ್ಣ ಎಲ್ಲಿ ಯಾವುದು ಎಂಬುದಷ್ಟೇ ನಿಮ್ಮ ಆಟ. ಅದನ್ನೂ ದಿಂಬಿನ ಅಳತೆಗೆ ಮೊದಲು ಮಾಡಿ.

ಇಲ್ಲಿಯ ತೊಂದರೆ ಮೈಗೆ ಸಂಬಂಧಿಸಿದ್ದು. ನಲವತ್ತು ದಾಟಿದ ಮೇಲೆ ಚಾಳೀಸು ಬರುತ್ತದೆ. ಕಣ್ಣು ಪರೀಕ್ಷೆ ಮಾಡಿಸದೆ ಟ್ಯೂಬ್‌ಲೈಟ್ ಕೆಳಗೆ ಎಳೆ ಎಣಿಸಿ, ತಲೆನೋವು ಬಂದು, ‘ನನ್ನ ಕೈಲಿ ಆಗಲ್ಲ’ ಎಂದು ಬಿಟ್ಟವರಿದ್ದಾರೆ. ಕೈಲಿ ಆಗುತ್ತಿತ್ತು, ಕಣ್ಣಿಗೆ ಕಾಣಿಸುತ್ತಿರಲಿಲ್ಲ ಅಷ್ಟೇ. ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕ ಕೂರಿ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕುತ್ತಿಗೆ ಆಡಿಸಿ. ಸೂಜಿ, ಬಟ್ಟೆ ಬೀರುವಿನೊಳಗೆ ಇಡಬೇಡಿ. ನೀವು ಮಧ್ಯಾಹ್ನ ಫೋನ್ ಹಿಡಿದು ಎಲ್ಲಿ ಕೂರುತ್ತೀರೋ ಅಲ್ಲೇ ಒಂದು ಬುಟ್ಟಿಯಲ್ಲಿರಲಿ. ಮೊದಲು ಹತ್ತು ನಿಮಿಷ ಸೂಜಿ, ಆಮೇಲೆ ಬೇಕಾದರೆ ಫೋನ್. ಫೋನ್ ಪೂರ್ತಿ ಬಿಡುತ್ತೇನೆ ಎಂಬ ಶಪಥ ಮಾಡಬೇಡಿ, ಅದು ಮುರಿದ ದಿನ ಹೊಲಿಗೆಯೂ ನಿಲ್ಲುತ್ತದೆ.

ಮೂರನೆಯದು ಜನ. ನಿಮ್ಮ ಪತ್ರದಲ್ಲಿ ಒಂದೇ ಒಂದು ಕಡೆ ಬೆಳಕಿದೆ, ತಂಗಿ ಬಂದಾಗ. ಅಂದರೆ ನಿಮಗೆ ಬೇಕಾಗಿರುವುದರಲ್ಲಿ ಕಲೆ ಅರ್ಧ, ಜೊತೆ ಅರ್ಧ ಇರಬಹುದು. ಇದನ್ನು ನಾವು ಗಮನಿಸುವುದು ಕಡಿಮೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಲ್ಲ ಹಿಂದೆ ನಾಲ್ಕು ಮನೆಯವರು ಸೇರಿ ಮಾಡುತ್ತಿದ್ದ ಕೆಲಸ. ಈಗ ಅದೇ ಕೆಲಸ ಮುಚ್ಚಿದ ಬಾಗಿಲಿನೊಳಗೆ ಒಬ್ಬರೇ ಮಾಡಿದರೆ ಸಂಡಿಗೆ ಬರುತ್ತದೆ, ಹರಟೆ ಬರುವುದಿಲ್ಲ. ವಾರಕ್ಕೊಂದು ಮಧ್ಯಾಹ್ನ ಪಕ್ಕದ ಬೀದಿಯ ಒಬ್ಬರೋ ಇಬ್ಬರೋ ತಮ್ಮ ಹೊಲಿಗೆ ಹಿಡಿದು ನಿಮ್ಮ ಜಗುಲಿಗೆ ಬರಲಿ. ಯಾರೂ ಸಿಗದಿದ್ದರೆ ತಂಗಿಗೇ ಫೋನ್ ಮಾಡಿ ಸ್ಪೀಕರ್ ಹಾಕಿ, ಇಬ್ಬರೂ ಕೈಯಲ್ಲಿ ಏನಾದರೂ ಹಿಡಿದು ಮಾತಾಡಿ. ತರಗತಿಗೆ ಸೇರಬೇಕಾ ಎಂದರೆ, ಮನೆಯಿಂದ ಹೊರಗೆ ಹೋಗಲು ಅದೊಂದು ನೆಪವಾಗುವುದಾದರೆ ಖಂಡಿತ ಸೇರಿ. ಆದರೆ ಒಂದು ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ. ಒಂದು ತಿಂಗಳು ನೋಡಿ.

ಮಗಳು ಹೇಳುವ ಯೂಟ್ಯೂಬ್ ಬಗ್ಗೆ. ಅವಳು ಪ್ರೀತಿಯಿಂದಲೇ ಹೇಳುತ್ತಿದ್ದಾಳೆ. ಅಮ್ಮನ ಕೈಗುಣ ನಾಲ್ಕು ಜನಕ್ಕೆ ಕಾಣಲಿ ಎಂಬ ಆಸೆ. ಹಣ ಬರುವುದೂ ಸಣ್ಣ ಮಾತಲ್ಲ, ತನ್ನದೇ ಎನ್ನುವ ದುಡ್ಡು ಹೆಂಗಸರಿಗೆ ಕೊಡುವ ಧೈರ್ಯವೇ ಬೇರೆ. ಆದರೂ ಈಗಲೇ ಬೇಡ ಅನ್ನುತ್ತೇನೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ಇಷ್ಟಪಡುವ ಮಕ್ಕಳವು. ಕೆಲವರಿಗೆ ‘ಬರೆದರೆ ಬಹುಮಾನ ಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಕೊಟ್ಟರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರದ ನಂತರ ಸುಮ್ನೆ ಆಡಲು ಬಿಟ್ಟು ನೋಡಿದಾಗ, ಬಹುಮಾನ ಸಿಗುತ್ತದೆ ಎಂದು ಬರೆದಿದ್ದ ಮಕ್ಕಳು ಪೆನ್ನು ಹಿಡಿದ ಹೊತ್ತು ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ತಮಗೇ ಖುಷಿ ಇದ್ದ ಕೆಲಸ ಬಹುಮಾನಕ್ಕೆ ಮಾಡುವ ಕೆಲಸವಾಗಿತ್ತು. ಹೇಳದೆ ಸಿಕ್ಕ ಬಹುಮಾನ ಮಾತ್ರ ಏನೂ ಹಾಳು ಮಾಡಲಿಲ್ಲ. ನಿಮ್ಮ ಖುಷಿ ಈಗಷ್ಟೇ ಕಣ್ಣು ಬಿಡಬೇಕಾಗಿದೆ. ಈ ಹೊತ್ತಿನಲ್ಲಿ ವ್ಯೂಸ್, ಲೈಕ್ಸ್, ವಾರಕ್ಕೆ ಎರಡು ವಿಡಿಯೊ ಎಂಬ ಲೆಕ್ಕ ಅದರ ತಲೆಯ ಮೇಲೆ ಕೂತರೆ ಅದು ಏಳುವುದಿಲ್ಲ. ಜೊತೆಗೆ, ಮನೆಯೊಳಗೆ ಕ್ಯಾಮೆರಾ ಬಂದರೆ ಅತ್ತೆಗೂ ಒಪ್ಪಿಗೆ ಇರಬೇಕು. ಒಂದು ವರ್ಷ ಹೋಗಲಿ. ಆಗಲೂ ಆಸೆ ಇದ್ದರೆ ಮಾಡಿ. ತಿನ್ನುವ ಪದಾರ್ಥ ಮಾರುವ ಯೋಚನೆ ಬಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಲೇಬೇಕು ಎಂಬುದನ್ನು ಮರೆಯಬೇಡಿ.

ಸಣ್ಣ ಖುಷಿಗಳ ವಿಷಯಕ್ಕೆ ಬರುತ್ತೇನೆ. ಇವನ್ನು ಹೊಸದಾಗಿ ತರಬೇಕಾಗಿಲ್ಲ, ಇರುವುದಕ್ಕೇ ರುಚಿ ವಾಪಸ್ ತರಬೇಕು. ಮನಸ್ಸು ಒಗ್ಗಿಹೋಗುವುದನ್ನು ತಡೆಯಲು ನನಗೆ ಗೊತ್ತಿರುವ ಒಳ್ಳೆಯ ಉಪಾಯ, ನಡುವೆ ಬಿಡುವುದು. 2013ರಲ್ಲಿ ಜೋರ್ಡಿ ಕ್ವಾಡ್‌ಬಾಕ್ ಮತ್ತು ಎಲಿಜಬೆತ್ ಡನ್ ಎಂಬಿಬ್ಬರು ಸಂಶೋಧಕರು ಕೆಲವರಿಗೆ ಒಂದು ವಾರ ಚಾಕೊಲೇಟ್ ಬಿಡಲು ಹೇಳಿದರು, ಕೆಲವರಿಗೆ ಬೇಕಾದಷ್ಟು ಕೊಟ್ಟರು. ವಾರದ ನಂತರ ಮತ್ತೆ ಒಂದು ತುಂಡು ಕೊಟ್ಟಾಗ ಜಾಸ್ತಿ ಸವಿದವರು ಬಿಟ್ಟಿದ್ದವರು. ಮಲೆನಾಡಿನವರಿಗೆ ಇದನ್ನು ಪ್ರಯೋಗ ಮಾಡಿ ತೋರಿಸಬೇಕಾಗಿಲ್ಲ. ಮಳೆ ಹಿಡಿದ ಮೇಲೆ ಕಳಲೆ, ಆಷಾಢ ಶ್ರಾವಣದಲ್ಲಿ ಕೆಸುವಿನ ಎಲೆಯ ಪತ್ರೊಡೆ, ಬೇಸಿಗೆಗೆ ಮುಂಚೆ ಅಪ್ಪೆಮಿಡಿ. ವರ್ಷವಿಡೀ ಸಿಗದಿರುವುದೇ ಅವುಗಳ ರುಚಿ. ಈಗ ಎಲ್ಲವೂ ಯಾವಾಗ ಬೇಕಾದರೂ ಸಿಗುವಾಗ ಆ ಕಾಯುವಿಕೆಯನ್ನು ನಾವೇ ಇಟ್ಟುಕೊಳ್ಳಬೇಕು. ಒಂದು ಪದಾರ್ಥವನ್ನು ಅದರ ಕಾಲ ಬರುವವರೆಗೂ ಮನೆಗೆ ತರಬೇಡಿ. ಇಷ್ಟದ ಧಾರಾವಾಹಿಯ ಎಂಟು ಕಂತು ಒಂದೇ ದಿನ ನೋಡಬೇಡಿ.

ಇನ್ನೊಂದು, ದಿನದಲ್ಲಿ ಒಂದೇ ಒಂದು ಕೆಲಸವನ್ನು ಬೇರೆ ಯಾವುದನ್ನೂ ಬೆರೆಸದೆ ಮಾಡುವುದು. ಕಾಫಿ ಅಂದುಕೊಳ್ಳಿ. ನೀವು ಕಾಫಿ ಕುಡಿಯುವುದು ಒಲೆಯ ಮುಂದೆ ನಿಂತು, ಒಂದು ಕೈಯಲ್ಲಿ ದೋಸೆ ತಿರುವುತ್ತಾ, ಆರಿದ ಮೇಲೆ. ಸರಿಯಾಗಿ ಊಹಿಸಿದೆನಾ? ಎಲ್ಲರ ತಿಂಡಿ ಮುಗಿದ ಮೇಲೆ ಇನ್ನೊಂದು ಅರ್ಧ ಲೋಟ ಬಿಸಿಯಾಗಿ ಮಾಡಿಕೊಂಡು ಹಿತ್ತಿಲ ಬಾಗಿಲಲ್ಲಿ ಕೂತು ಕುಡಿಯಿರಿ. ಐದು ನಿಮಿಷ. ಪಾತ್ರೆ ಕಾಯುತ್ತದೆ. ಇದರಿಂದ ಬದುಕು ಬದಲಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ನಮಗೆ ಖುಷಿಯಾಗುತ್ತಿರುವುದು ನಮ್ಮ ಗಮನಕ್ಕೆ ಬಂದಾಗ ಮಾತ್ರ ಅದು ಉಳಿಯುತ್ತದೆ. ಗಮನಕ್ಕೆ ಬರದ ಖುಷಿ ಆದದ್ದೂ ಒಂದೇ, ಆಗದಿದ್ದದ್ದೂ ಒಂದೇ.

ಕೊನೆಯದಾಗಿ ಮನೆಯವರ ವಿಷಯ. ಇದನ್ನು ಬಿಟ್ಟು ಮೇಲಿನದ್ದೆಲ್ಲ ಮಾಡಿದರೆ ನಾನು ನಿಮ್ಮ ತಲೆಯ ಮೇಲೆ ಇನ್ನೊಂದು ಕೆಲಸ ಹೇರಿದಂತೆ. ಖುಷಿಯಾಗಿರುವುದೂ ನಿಮ್ಮದೇ ಜವಾಬ್ದಾರಿ ಎಂದಂತೆ. ಭಾರ ಇಳಿಯದೆ ರುಚಿ ಬರುವುದಿಲ್ಲ. ಯಜಮಾನರ ಜೊತೆ ‘ನನಗೆ ಬೇಜಾರು’ ಎಂದು ಶುರು ಮಾಡಿದರೆ ಮಾತು ಮತ್ತೆ ‘ಏನು ಕಡಿಮೆಯಾಗಿದೆ’ ಕಡೆಗೇ ಹೋಗುತ್ತದೆ. ‘ಸಹಾಯ ಮಾಡಿ’ ಎಂದರೂ ಸಾಲದು. ಸಹಾಯ ಮಾಡುವವರು ಈರುಳ್ಳಿ ಹೆಚ್ಚಿ ಕೊಟ್ಟು ‘ಮುಂದೇನು?’ ಎಂದು ಕೇಳುತ್ತಾರೆ, ಯೋಚನೆ ನಿಮ್ಮದೇ ಆಗಿ ಉಳಿಯುತ್ತದೆ. ಒಂದು ಪೂರ್ತಿ ಕೆಲಸ ದಾಟಿಸಿ. ‘ಭಾನುವಾರದ ತಿಂಡಿ ನಿಮ್ಮದು. ಏನು ಅಂತ ನೀವೇ ಯೋಚಿಸಿ, ಸಾಮಾನು ನೀವೇ ನೋಡಿ, ನೀವೇ ಮಾಡಿ ಅಥವಾ ಹೋಟೆಲಿಂದ ತನ್ನಿ. ನನ್ನನ್ನು ಏನೂ ಕೇಳಬೇಡಿ’ ಎಂದು ಶನಿವಾರಕ್ಕೆ ಮೊದಲೇ ಹೇಳಿ. ಅತ್ತೆಗೂ ನೀವೇ ಮುಂಚೆ ತಿಳಿಸಿ, ತಮ್ಮ ಮಗ ಒಲೆ ಮುಂದೆ ನಿಂತಿದ್ದು ನೋಡಿ ಅವರಿಗೆ ಕಸಿವಿಸಿ ಆಗಬಹುದು. ಅತ್ತೆಯ ಮಾತ್ರೆ ಲೆಕ್ಕ ಇಡುವುದನ್ನು ಮಗಳಿಗೆ ಕೊಡಿ.

ಇದರಲ್ಲಿ ಕಷ್ಟವಾಗುವುದು ಅವರಿಗಿಂತ ನಿಮಗೇ ಜಾಸ್ತಿ. ಮೊದಲ ಭಾನುವಾರ ಒಂಬತ್ತು ಗಂಟೆಯಾದರೂ ಒಲೆ ಹಚ್ಚಿರುವುದಿಲ್ಲ. ಉಪ್ಪಿಟ್ಟು ಗಂಟಾಗುತ್ತದೆ, ಸಾಸಿವೆ ಡಬ್ಬ ಎಲ್ಲಿದೆ ಎಂದು ಎರಡು ಸಲ ಕರೆಯುತ್ತಾರೆ. ‘ಹುಡುಕಿ, ಸಿಗುತ್ತದೆ’ ಎಂದಷ್ಟೇ ಹೇಳಿ. ಎದ್ದು ಒಳಗೆ ಹೋಗಬೇಡಿ.